ಸ್ಕ್ರೂಡ್ರೈವರ್‌ನಿಂದ ಸ್ಕ್ಯಾನರ್‌ವರೆಗೆ: ನಮ್ಮ ಗಾಡಿಗಳ ಟ್ಯೂನಿಂಗ್ ಕಥೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬೈಕ್ ಅಂದರೆ ಓಡಾಟಕ್ಕಿಂತ ದುಡಿಮೆಯ ಸಾಮಾನು. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಹಸುವಿಗೆ ಹುಲ್ಲಿನ ಹೊರೆ, ಸಂತೆ ದಿನ ತರಕಾರಿ ಚೀಲ, ಮದ್ದೂರಿನ ಮಾರುಕಟ್ಟೆಗೆ ಎಳನೀರಿನ ಗೊಂಚಲು. ಎಲ್ಲವೂ ಅದರ ಮೇಲೇ. ಆ ಗಾಡಿ ಒಂದು ದಿನ ಮಿಸ್ ಹೊಡೆದರೆ ಮನೆಯ ಅರ್ಧ ಕೆಲಸ ನಿಲ್ಲುತ್ತದೆ.

ಅಂಥ ಹೊತ್ತಲ್ಲಿ ನಾವು ಹುಡುಕಿಕೊಂಡು ಹೋಗುತ್ತಿದ್ದದ್ದು ಊರಿನ ಮೆಕ್ಯಾನಿಕ್‌ನ. ‘ಅಣ್ಣಾ, ಪಿಕಪ್ ಇಲ್ಲ, ಒಸಿ ಟ್ಯೂನಿಂಗ್ ಮಾಡ್ಕೊಡು’ ಅಂದರೆ ಸಾಕಿತ್ತು. ಈಗ ಅದೇ ಮಾತಿಗೆ ‘ಇದು ಎಫ್‌ಐ ಗಾಡಿ ಕಣಪ್ಪ, ಕಂಪನಿಗೆ ತಗೊಂಡೋಗು’ ಅನ್ನುವ ಉತ್ತರ ಬರುತ್ತಿದೆ. ಈ ಎರಡು ಮಾತುಗಳ ನಡುವೆ ಅರವತ್ತು ವರ್ಷಗಳ ಇತಿಹಾಸವಿದೆ. ಅದರಲ್ಲಿ ಮೈಸೂರಿನ ಕಾರ್ಖಾನೆ ಇದೆ, ಬೆಂಗಳೂರಿನ ಪಂಪು ಇದೆ, ದೆಹಲಿಯ ಕೋರ್ಟಿದೆ, ನಮ್ಮ ಕಬ್ಬಿನ ಗದ್ದೆಯೂ ಇದೆ. ಅದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇವೆ.

ಟ್ಯೂನಿಂಗ್ ಅಂದರೆ ಏನಾಗಿತ್ತು?

ಪೆಟ್ರೋಲ್ ಒಂದೇ ಉರಿಯುವುದಿಲ್ಲ, ಅದಕ್ಕೆ ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಜಾಸ್ತಿಯಾದರೆ ಕಪ್ಪು ಹೊಗೆ ಬಂದು ಮೈಲೇಜ್ ಬೀಳುತ್ತದೆ. ಕಡಿಮೆಯಾದರೆ ಇಂಜಿನ್ ಕಾಯುತ್ತದೆ, ಗಾಡಿ ಎಳೆಯುವುದಿಲ್ಲ.

ಈ ಬೆರಕೆ ಮಾಡುತ್ತಿದ್ದದ್ದು ಕಾರ್ಬೋರೇಟರ್. ಅದರ ಒಳಗೆ ಒಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ತೇಲುವ ಫ್ಲೋಟ್, ಸೂಜಿಗಿಂತ ಸಣ್ಣ ತೂತಿನ ಜೆಟ್‌ಗಳು. ಇಂಜಿನ್ ಗಾಳಿ ಎಳೆದುಕೊಳ್ಳುವಾಗ ಕಿರಿದಾದ ಕೊಳವೆಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಆಗ ಜೆಟ್‌ನಿಂದ ಪೆಟ್ರೋಲ್ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ಕರೆಂಟ್ ಬೇಡ, ಲೆಕ್ಕ ಬೇಡ. ಗಾಳಿಯ ಸೆಳೆತವೇ ಎಲ್ಲ ಕೆಲಸ ಮಾಡುತ್ತಿತ್ತು. ಜರ್ಮನಿಯ ವಿಲ್‌ಹೆಲ್ಮ್ ಮೇಬ್ಯಾಕ್ 1890ರ ದಶಕದಲ್ಲಿ ರೂಪಿಸಿದ ತುಂತುರು ಕಾರ್ಬೋರೇಟರಿನ ಮೂಲ ತತ್ವವೇ ನೂರು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ನಮ್ಮ ಮೆಕ್ಯಾನಿಕ್‌ಗಳ ವಿದ್ಯೆ ಇದ್ದದ್ದು ಎರಡು ಸ್ಕ್ರೂಗಳಲ್ಲಿ. ಒಂದು ಸ್ಲೋ ಸ್ಕ್ರೂ, ಇನ್ನೊಂದು ಏರ್ ಸ್ಕ್ರೂ. ಇಂಜಿನ್ ಬಿಸಿಯಾಗುವವರೆಗೆ ಓಡಿಸುವುದು. ಏರ್ ಸ್ಕ್ರೂ ಪೂರ್ತಿ ಬಿಗಿದು ಒಂದೂವರೆ ಸುತ್ತಿನಷ್ಟು ಬಿಚ್ಚುವುದು. ಆಮೇಲೆ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸುತ್ತಾ ಇಂಜಿನ್ ಎಲ್ಲಿ ಹಗುರಾಗಿ, ಜೋರಾಗಿ ತಿರುಗುತ್ತದೋ ಅಲ್ಲಿ ನಿಲ್ಲಿಸುವುದು. ಕೊನೆಗೆ ಪ್ಲಗ್ ಬಿಚ್ಚಿ ನೋಡುವುದು. ತುದಿ ಕಪ್ಪಗೆ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಕಡಿಮೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಸರಿ. ಕಿವಿ, ಕಣ್ಣು, ಬೆರಳು, ಈ ಮೂರೇ ಅವರ ಮೀಟರುಗಳು.

ಮೈಸೂರಿನ ಜಾವಾ ಕಾಲ

ನಮ್ಮ ಸೀಮೆಯ ಬೈಕ್ ಇತಿಹಾಸ ಜಾವಾ ಇಲ್ಲದೆ ಶುರುವಾಗುವುದಿಲ್ಲ. ಜಾವಾ ಮೂಲದಲ್ಲಿ ಜೆಕೊಸ್ಲೊವಾಕಿಯಾದ ಕಂಪನಿ, 1929ರಲ್ಲಿ ಹುಟ್ಟಿದ್ದು. ಅದರ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ 1960ರ ಸುಮಾರಿಗೆ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಅದನ್ನು ಉದ್ಘಾಟಿಸಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಪರವಾನಗಿ ಮುಗಿದ ಮೇಲೆ 1970ರ ದಶಕದಲ್ಲಿ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಮೈಸೂರಿಗೆ ಹತ್ತಿರವಿದ್ದ ಮಂಡ್ಯ ಜಿಲ್ಲೆಯ ರಸ್ತೆಗಳಲ್ಲಿ ಜಾವಾ, ಯೆಜ್ಡಿಗಳ ಡುಗುಡುಗು ಸದ್ದು ಬಹಳ ವರ್ಷ ಕೇಳಿಸಿತು. ಅವು ಟೂ ಸ್ಟ್ರೋಕ್ ಇಂಜಿನ್‌ಗಳು. ಪೆಟ್ರೋಲ್ ಜೊತೆಯಲ್ಲೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಬೆರಕೆ ತಪ್ಪಿದರೆ ಒಂದೋ ಸೈಲೆನ್ಸರ್ ಮಸಿ ಕಟ್ಟುತ್ತಿತ್ತು, ಇಲ್ಲವೇ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು. ಹಾಗಾಗಿ ಜಾವಾ ಇಟ್ಟುಕೊಂಡವರು ಅರ್ಧ ಮೆಕ್ಯಾನಿಕ್ ಆಗಲೇಬೇಕಿತ್ತು. ಪಾಯಿಂಟ್ ಉಜ್ಜುವುದು, ಪ್ಲಗ್ ಕ್ಲೀನ್ ಮಾಡುವುದು, ಜೆಟ್ ಊದುವುದು ಅವರಿಗೆ ಗೊತ್ತಿತ್ತು.

ಆಮೇಲೆ ಬಂದದ್ದು ಟಿವಿಎಸ್. ಹೊಸೂರಿನಲ್ಲಿ ತಯಾರಾದ ಟಿವಿಎಸ್ 50 ಮೊಪೆಡ್ 1980ರಲ್ಲಿ ಮಾರುಕಟ್ಟೆಗೆ ಇಳಿಯಿತು. ಗೇರ್ ಇಲ್ಲ, ಭಾರ ಕಡಿಮೆ, ಬೆಲೆ ಕಡಿಮೆ. ಅದರ ಸಂತತಿಯ ಎಕ್ಸೆಲ್ ಸೂಪರ್ ಅಂತೂ ನಮ್ಮ ಗದ್ದೆ ಬದುಗಳಿಗೆ ಹೇಳಿ ಮಾಡಿಸಿದಂತಿತ್ತು. ಇತ್ತ 1985ರಲ್ಲಿ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದವು. ಇವು ಫೋರ್ ಸ್ಟ್ರೋಕ್. ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ತಪ್ಪಿತು, ಮೈಲೇಜ್ ಏರಿತು. ಆದರೆ ಕಾರ್ಬೋರೇಟರ್ ಮಾತ್ರ ಕಾರ್ಬೋರೇಟರಾಗಿಯೇ ಉಳಿಯಿತು. ಜಾವಾದಲ್ಲಿ ಕೈ ಪಳಗಿದ ಮೆಕ್ಯಾನಿಕ್ ಅದೇ ಸ್ಕ್ರೂಡ್ರೈವರ್‌ನಲ್ಲಿ ಸ್ಪ್ಲೆಂಡರನ್ನೂ ಟ್ಯೂನ್ ಮಾಡಿದ, ಅವನ ಶಿಷ್ಯ ಎಕ್ಸೆಲ್ ಸೂಪರನ್ನೂ ಮಾಡಿದ. ವಿದ್ಯೆ ಕೈಯಿಂದ ಕೈಗೆ ದಾಟುತ್ತಾ ಬಂತು.

ಇಂಜೆಕ್ಷನ್ ನಮಗೆ ಹೊಸದಲ್ಲ

ಫ್ಯುಯೆಲ್ ಇಂಜೆಕ್ಷನ್ ಅಂದರೆ ಇಂಧನವನ್ನು ಒತ್ತಡದಿಂದ ಚುಚ್ಚಿ ಸಿಂಪಡಿಸುವುದು. ರೈತರಿಗೆ ಇದು ಮೊದಲಿನಿಂದಲೂ ಗೊತ್ತು. ಟ್ರಾಕ್ಟರಿನ ಡೀಸೆಲ್ ಪಂಪ್ ಮತ್ತು ನಾಜಲ್ ಮಾಡುವುದು ಇದನ್ನೇ. ಆ ಪಂಪಿಗೆ ನಮ್ಮವರು ಇಟ್ಟುಕೊಂಡ ಹೆಸರು ‘ಮೈಕೋ ಪಂಪ್’. ಜರ್ಮನಿಯ ಬಾಷ್ ಕಂಪನಿಯ ಸಹಭಾಗಿತ್ವದಲ್ಲಿ 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. ಬೆಂಗಳೂರಿನ ಆಡುಗೋಡಿಯಲ್ಲಿ ಅದರ ಕಾರ್ಖಾನೆ. ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಎರಡೂ ಅಲ್ಲಿ ತಯಾರಾಗುತ್ತಿದ್ದವು. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಆಯಿತು, 2015ರಲ್ಲಿ ಮಂಡ್ಯಕ್ಕೆ ಬರುವ ದಾರಿಯ ಬಿಡದಿಯಲ್ಲಿ ಹೊಸ ಕಾರ್ಖಾನೆ ಶುರುವಾಯಿತು.

ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ. ಪೆಟ್ರೋಲ್ ಇಂಜಿನ್‌ಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಕೂರಿಸುವ ಕೆಲಸ ಅಮೆರಿಕದಲ್ಲಿ 1950ರ ದಶಕದ ಕೊನೆಗೆ ಶುರುವಾಯಿತು. ಬೆಂಡಿಕ್ಸ್ ಕಂಪನಿ ಮಾಡಿದ ಆ ಮೊದಲ ಪ್ರಯತ್ನ ಕೆಲವೇ ಕಾರುಗಳಿಗೆ ನಿಂತಿತು, ಅಂದಿನ ಎಲೆಕ್ಟ್ರಾನಿಕ್ಸ್ ಬಿಸಿ ಮತ್ತು ಅಲುಗಾಟ ತಡೆಯಲಿಲ್ಲ. ಅದೇ ದಾರಿಯಲ್ಲಿ ಮುಂದೆ ಹೋದ ಬಾಷ್ 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ಕಾರಿಗೆ ಕೊಟ್ಟಿತು. ಆ ಕಾರು ಹೋಗಬೇಕಿದ್ದದ್ದು ಅಮೆರಿಕಕ್ಕೆ, ಅಲ್ಲಿ ಹೊಗೆಯ ನಿಯಮ ಬಿಗಿಯಾಗಿತ್ತು. ಬೈಕಿಗೆ ಅದು ಇಳಿದದ್ದು 1980ರಲ್ಲಿ, ಕವಾಸಾಕಿಯ 1000 ಸಿಸಿ ಗಾಡಿಯಲ್ಲಿ.

ಇಲ್ಲೊಂದು ಮಾತು ಗಮನಿಸಬೇಕು. ಕಾರ್ಬೋರೇಟರ್ ಕೆಟ್ಟದ್ದು ಅಂತ ಇಂಜೆಕ್ಷನ್ ಬಂದದ್ದಲ್ಲ. ಜಗತ್ತಿನ ಬಹುಪಾಲು ಕಡೆ ಅದನ್ನು ತಂದದ್ದು ಹೊಗೆಯ ಕಾನೂನು. ನಮ್ಮಲ್ಲೂ ಆದದ್ದು ಅದೇ.

ಬಂತು, ಹಿಂದೆ ಸರಿಯಿತು, ಮತ್ತೆ ಬಂತು

2006ರಲ್ಲಿ ಹೀರೋ ಹೋಂಡಾ ಕಂಪನಿ ಗ್ಲಾಮರ್ ಎಫ್‌ಐ ಎಂಬ 125 ಸಿಸಿ ಬೈಕ್ ಬಿಟ್ಟಿತು. ನಮ್ಮ ದೇಶದ ಸಾಮಾನ್ಯ ಬೈಕಿಗೆ ಇಂಜೆಕ್ಷನ್ ಬಂದದ್ದು ಅಲ್ಲಿಂದ. ಆದರೆ ಬೆಲೆ ಜಾಸ್ತಿ, ರಿಪೇರಿ ಗೊತ್ತಿದ್ದವರು ಕಡಿಮೆ. ಜನ ಅಷ್ಟಾಗಿ ಕೊಳ್ಳಲಿಲ್ಲ. 2007ರಲ್ಲಿ ಬಜಾಜ್ ಪಲ್ಸರ್ 220ಕ್ಕೆ ಇಂಜೆಕ್ಷನ್ ಕೊಟ್ಟಿತು. ಎರಡೇ ವರ್ಷಕ್ಕೆ, 2009ರಲ್ಲಿ, ಅದೇ ಪಲ್ಸರ್ 220 ಇಂಜೆಕ್ಷನ್ ಬಿಟ್ಟು ಕಾರ್ಬೋರೇಟರ್ ಹಾಕಿಕೊಂಡು ಕಡಿಮೆ ಬೆಲೆಗೆ ಬಂತು, ಚೆನ್ನಾಗಿ ಮಾರಾಟವೂ ಆಯಿತು. ಅದೇ ವರ್ಷ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಇಂಜೆಕ್ಷನ್ ಜೊತೆ ಬಂತು, ಆದರೆ ಅದು ಹಾಲಿನ ಕ್ಯಾನು ಹೊರುವ ಗಾಡಿಯಲ್ಲ.

ಮುಂದಿನದ್ದು ಕೋರ್ಟಿನ ಕಥೆ. ಎಂ.ಸಿ. ಮೆಹ್ತಾ ಅವರು 1980ರ ದಶಕದಲ್ಲಿ ಹೂಡಿದ ವಾಯುಮಾಲಿನ್ಯದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ದಶಕಗಟ್ಟಲೆ ನಡೆಯಿತು. 2017ರ ಮಾರ್ಚ್ 29ರಂದು ಕೋರ್ಟ್ ಬಿಎಸ್-3 ಗಾಡಿಗಳನ್ನು ಏಪ್ರಿಲ್ 1ರಿಂದ ಮಾರುವಂತಿಲ್ಲ ಅಂದಿತು. ಉಳಿದದ್ದು ಎರಡು ದಿನ. ಶೋರೂಂಗಳು ಸಾವಿರಾರು ರೂಪಾಯಿ ಕಡಿತ ಮಾಡಿ ಬೈಕ್ ಮಾರಿದ್ದು, ಜನ ಮುಗಿಬಿದ್ದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಅದಾದ ಮೇಲೆ 2018ರ ಅಕ್ಟೋಬರ್ 24ರಂದು ಇನ್ನೊಂದು ಆದೇಶ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6 ಗಾಡಿ ಮಾತ್ರ ಮಾರಬೇಕು. ಬಿಎಸ್-5 ಎಂಬ ಮೆಟ್ಟಿಲನ್ನು ದೇಶ ಹತ್ತಲೇ ಇಲ್ಲ, 4ರಿಂದ ನೇರ 6ಕ್ಕೆ ಹಾರಿತು.

ಬಿಎಸ್-6 ಹೇಳಿದಷ್ಟು ಕಡಿಮೆ ಹೊಗೆಯನ್ನು ಸ್ಕ್ರೂ ತಿರುಗಿಸಿ ಸಾಧಿಸುವುದು ಬಹಳ ಕಷ್ಟ. ಬೆಳಿಗ್ಗೆಯ ಚಳಿಗೆ ಒಂದು ಬೆರಕೆ, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು ಬೆರಕೆ ಬೇಕು. ಸುಮಾರು 680 ಮೀಟರ್ ಎತ್ತರದ ಮಂಡ್ಯದಲ್ಲಿ ಟ್ಯೂನ್ ಮಾಡಿದ ಕಾರ್ಬೋರೇಟರ್ ಗಾಡಿ 2,200 ಮೀಟರ್ ಎತ್ತರದ ಊಟಿಗೆ ಹೋದರೆ ಗಾಳಿ ತೆಳುವಾಗಿ, ಪೆಟ್ರೋಲ್ ಜಾಸ್ತಿಯಾಗಿ ಮುಕ್ಕರಿಯುತ್ತದೆ. ಅದು ತಾನಾಗಿ ತಿದ್ದಿಕೊಳ್ಳಲಾರದು. ಹಾಗಾಗಿ ಸ್ಪ್ಲೆಂಡರ್‌ಗೂ ಇಂಜೆಕ್ಷನ್ ಬಂತು. 2015ರಲ್ಲಷ್ಟೇ ಫೋರ್ ಸ್ಟ್ರೋಕ್ ಆಗಿದ್ದ ಎಕ್ಸೆಲ್ 100 ಮೊಪೆಡ್‌ಗೂ ಬಂತು. ಹುಲ್ಲು ಹೊರುವ ಮೊಪೆಡ್‌ಗೆ ಕಂಪ್ಯೂಟರ್ ಕೂತದ್ದು ಆಗಲೇ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಗಿತ್ತು. ಅಂಗಡಿ ಬಾಗಿಲು ಮುಚ್ಚಿದ್ದಾಗಲೇ ಏಪ್ರಿಲ್ 1 ಬಂದು ಹೋಯಿತು. ಬಾಗಿಲು ತೆಗೆದಾಗ ಊರಿನ ಮೆಕ್ಯಾನಿಕ್‌ನ ಎದುರು ಬಂದು ನಿಂತ ಹೊಸ ಗಾಡಿಯಲ್ಲಿ ಅವನು ಬಲ್ಲ ಏರ್ ಸ್ಕ್ರೂ ಇರಲಿಲ್ಲ, ಚೋಕ್ ಇರಲಿಲ್ಲ.

ಹಾಗಾದರೆ ಈಗ ಟ್ಯೂನಿಂಗ್ ಅಂದರೆ ಏನು?

ಎಫ್‌ಐ ಗಾಡಿಯ ಟ್ಯಾಂಕಿನಲ್ಲಿ ಒಂದು ಪುಟ್ಟ ಕರೆಂಟ್ ಪಂಪ್ ಇರುತ್ತದೆ. ಅದು ಪೆಟ್ರೋಲನ್ನು ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡದಲ್ಲಿ ತಳ್ಳುತ್ತದೆ. ನಿಮ್ಮ ಹಿಂದಿನ ಟೈರಿನ ಗಾಳಿಗಿಂತ ಇದು ಜಾಸ್ತಿ. ಇಂಜೆಕ್ಟರ್ ಎಂಬ ಪುಟ್ಟ ನಾಜಲ್ ತೆರೆದು ಮುಚ್ಚಿ ಪೆಟ್ರೋಲ್ ಸಿಂಪಡಿಸುತ್ತದೆ. ಇಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 50 ಸಲ ತೆರೆಯಬೇಕು. ಒಂದೊಂದು ಸಲವೂ ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ಹೊತ್ತು ಮಾತ್ರ.

ಎಷ್ಟು ಹೊತ್ತು ಅಂತ ಹೇಳುವುದು ಇಸಿಯು ಎಂಬ ಕಂಪ್ಯೂಟರ್ ಡಬ್ಬಿ. ಅದಕ್ಕೆ ಸುದ್ದಿ ಕೊಡುವುದು ಸೆನ್ಸರ್‌ಗಳು. ಎಕ್ಸಲೇಟರ್ ಎಷ್ಟು ತಿರುಗಿದೆ, ಗಾಳಿಯ ಒತ್ತಡ ಎಷ್ಟು, ಇಂಜಿನ್ ಎಷ್ಟು ಬಿಸಿಯಾಗಿದೆ, ಕ್ರ್ಯಾಂಕ್ ಎಲ್ಲಿದೆ. ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್ ಉರಿದ ಹೊಗೆಯನ್ನು ನೋಡಿ ‘ಪೆಟ್ರೋಲ್ ಜಾಸ್ತಿಯಾಯ್ತು’, ‘ಕಡಿಮೆಯಾಯ್ತು’ ಅಂತ ಮತ್ತೆ ಮತ್ತೆ ಹೇಳುತ್ತದೆ. ಮೆಕ್ಯಾನಿಕ್ ಪ್ಲಗ್‌ನ ಬಣ್ಣ ನೋಡಿ ತಿಳಿಯುತ್ತಿದ್ದನ್ನೇ ಇದು ಗಾಡಿ ಓಡುತ್ತಿರುವಾಗಲೇ ಮಾಡುತ್ತದೆ. ಅಂದರೆ ಟ್ಯೂನಿಂಗ್ ನಿಂತಿಲ್ಲ, ಗಾಡಿ ತನ್ನನ್ನು ತಾನೇ ದಿನವಿಡೀ ಟ್ಯೂನ್ ಮಾಡಿಕೊಳ್ಳುತ್ತಿದೆ.

ಹಾಗಂತ ಮನುಷ್ಯನ ಕೆಲಸ ಮುಗಿದಿಲ್ಲ. ಸೆನ್ಸರ್ ಸುಳ್ಳು ಹೇಳಿದರೆ ಕಂಪ್ಯೂಟರ್ ಸುಳ್ಳನ್ನೇ ನಂಬುತ್ತದೆ. ಈಗಿನ ಟ್ಯೂನಿಂಗ್ ಅಂದರೆ ಆ ಸುಳ್ಳನ್ನು ಹಿಡಿಯುವುದು. ಏರ್ ಫಿಲ್ಟರ್, ಥ್ರಾಟಲ್ ಬಾಡಿ ಕ್ಲೀನ್ ಮಾಡುವುದು, ಇಂಜೆಕ್ಟರ್ ಕಟ್ಟಿದ್ದರೆ ಬಿಡಿಸುವುದು, ಪಂಪಿನ ಒತ್ತಡ ಅಳೆಯುವುದು, ಬ್ಯಾಟರಿ ವೋಲ್ಟೇಜ್ ನೋಡುವುದು, ಕೆಲಸ ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಹಳೇ ದೋಷದ ಕೋಡ್ ಅಳಿಸಿ ಸ್ಲೋ ರೀಸೆಟ್ ಮಾಡುವುದು.

ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಹತ್ತಿದರೆ ಗಾಬರಿ ಬೇಡ, ನಿರ್ಲಕ್ಷ್ಯವೂ ಬೇಡ. ಹೋಂಡಾದ ಹಲವು ಗಾಡಿಗಳಲ್ಲಿ ಆ ದೀಪ ಮಿಣುಕಿಯೇ ದೋಷ ಹೇಳುತ್ತದೆ. ಒಂದು ಉದ್ದ ಮಿಣುಕಿಗೆ 10, ಒಂದು ಗಿಡ್ಡ ಮಿಣುಕಿಗೆ 1. ಒಂದು ಉದ್ದ, ಎರಡು ಗಿಡ್ಡ ಬಂದರೆ 12, ಅಂದರೆ ಇಂಜೆಕ್ಟರ್ ಕಡೆ ನೋಡು ಅಂತ. ಬೇರೆ ಕಂಪನಿಗಳ ಲೆಕ್ಕ ಬೇರೆ ಇರುತ್ತದೆ, ಗಾಡಿಯ ಜೊತೆ ಕೊಟ್ಟ ಪುಸ್ತಕ ಎಸೆಯಬೇಡಿ.

ನೀವೇ ನೋಡಿಕೊಳ್ಳಬಹುದಾದದ್ದು ಇಷ್ಟು:

• ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಓಡಿಸಬೇಡಿ. ಪಂಪನ್ನು ತಂಪಾಗಿಡುವುದು ಆ ಪೆಟ್ರೋಲೇ.
• ಕೀ ಆನ್ ಮಾಡಿ ಎರಡು ಸೆಕೆಂಡ್ ನಿಲ್ಲಿ. ಪಂಪ್ ‘ಗುಂಯ್’ ಅಂದ ಮೇಲೆ ಸ್ಟಾರ್ಟ್ ಮಾಡಿ.
• ಬ್ಯಾಟರಿ ಪೂರ್ತಿ ಸತ್ತರೆ ಹಲವು ಎಫ್‌ಐ ಗಾಡಿಗಳನ್ನು ತಳ್ಳಿ ಸ್ಟಾರ್ಟ್ ಮಾಡಲೂ ಆಗುವುದಿಲ್ಲ. ಬ್ಯಾಟರಿ ಬಗ್ಗೆ ಉದಾಸೀನ ಬೇಡ.
• ಎಲ್‌ಇಡಿ, ಜೋರು ಹಾರ್ನ್ ಹಾಕಿಸಲು ಮೂಲ ವೈರ್ ಕತ್ತರಿಸಬೇಡಿ. ಎಷ್ಟೋ ಸೆನ್ಸರ್ ತಕರಾರು ಶುರುವಾಗುವುದು ಅಲ್ಲಿಂದಲೇ.
• ವಾಟರ್ ಸರ್ವಿಸ್ ಮಾಡಿಸುವಾಗ ವೈರ್ ಜೋಡಣೆಗಳಿಗೆ ನೇರ ನೀರು ಹೊಡೆಸಬೇಡಿ.

ಇಸಿಯುವಿನ ಲೆಕ್ಕವನ್ನೇ ಬದಲಿಸುವ ‘ರೀಮ್ಯಾಪ್’ ಎಂಬ ಇನ್ನೊಂದು ಟ್ಯೂನಿಂಗ್ ಇದೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಪವರ್‌ಟ್ರಾನಿಕ್‌ನಂಥ ಡಬ್ಬಿಗಳು ಆ ಕೆಲಸಕ್ಕೇ ಇವೆ. ರೇಸ್ ಓಡಿಸುವವರಿಗೆ ಅದು ಸರಿ. ದಿನಾ ಡೇರಿಗೆ ಹೋಗುವ ಗಾಡಿಗೆ ಬೇಕಿಲ್ಲ. ವಾರಂಟಿ ಹೋಗಬಹುದು, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳಬಹುದು.

ಕಬ್ಬು ಟ್ಯಾಂಕಿಗೆ ಬಂದಾಗ

ಈ ಕಥೆಯಲ್ಲಿ ಮಂಡ್ಯ ಬರೀ ಗಿರಾಕಿಯಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಾರ್ಖಾನೆಯಿಂದ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ, ಕೊಪ್ಪದ ಕಾರ್ಖಾನೆಗಳವರೆಗೆ ಇದು ಕಬ್ಬಿನ ನಾಡು. ಕಬ್ಬಿನ ಕಾಕಂಬಿಯಿಂದ ಎಥನಾಲ್ ಬರುತ್ತದೆ. ಪೆಟ್ರೋಲಿಗೆ ಅದನ್ನು ಬೆರೆಸಲು ಕೇಂದ್ರ ಸರ್ಕಾರ 1948ರಲ್ಲೇ ಪವರ್ ಆಲ್ಕೊಹಾಲ್ ಕಾಯ್ದೆ ತಂದಿತ್ತು. ಅದು ಹೆಚ್ಚು ಮುಂದೆ ಹೋಗಲಿಲ್ಲ, 2000ದಲ್ಲಿ ರದ್ದಾಯಿತು. 2003ರಿಂದ ಮತ್ತೆ ಬೆರಕೆ ಶುರುವಾಗಿ, 2022ಕ್ಕೆ ನೂರಕ್ಕೆ 10ರ ಗುರಿ ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಕಬ್ಬಿನ ಜೊತೆಗೆ ಮುಸುಕಿನ ಜೋಳ, ಅಕ್ಕಿಯಿಂದಲೂ ಎಥನಾಲ್ ತಯಾರಾಗುತ್ತಿದೆ.

ಇದಕ್ಕೂ ಟ್ಯೂನಿಂಗ್‌ಗೂ ನೇರ ನಂಟು. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಒಂದು ಪಾಲಿಗೆ ಸುಮಾರು 9 ಪಾಲು. ಹಾಗಾಗಿ ಅದು ಬೆರೆತಷ್ಟೂ ಅದೇ ಗಾಳಿಗೆ ಜಾಸ್ತಿ ಇಂಧನ ಬೇಕು. ಆಕ್ಸಿಜನ್ ಸೆನ್ಸರ್ ಇರುವ ಎಫ್‌ಐ ಗಾಡಿ ಇದನ್ನು ಒಂದು ಮಿತಿಯೊಳಗೆ ತಾನೇ ಸರಿದೂಗಿಸುತ್ತದೆ. ಹಳೇ ಸ್ಪ್ಲೆಂಡರ್, ಎಕ್ಸೆಲ್ ಸೂಪರ್‌ಗಳ ಜೆಟ್‌ಗೆ ಆ ಬುದ್ಧಿ ಇಲ್ಲ. ಬೆರಕೆ ತೆಳುವಾಗಿ ಪಿಕಪ್ ಕಡಿಮೆ ಅನ್ನಿಸಬಹುದು. ಎಥನಾಲ್ ನೀರಿನ ಅಂಶ ಹೀರುತ್ತದೆ, ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಬಟ್ಟಲಲ್ಲಿ ತಕರಾರು ಮಾಡುತ್ತದೆ. ಹಳೇ ರಬ್ಬರ್ ಪೈಪು, ವಾಷರ್‌ಗಳನ್ನು ಆಗಾಗ ನೋಡಿಸಿ. ಹಳೇ ಗಾಡಿಗೂ, ನಮ್ಮ ಕಬ್ಬಿಗೂ ನಡುವೆ ಸಿಕ್ಕಿಕೊಂಡವನು ಒಬ್ಬನೇ ರೈತ. ಹಾಗಾಗಿ ಈ ಚರ್ಚೆಯಲ್ಲಿ ನಮ್ಮ ಮಾತಿಗೂ ಜಾಗ ಇರಬೇಕು.

ಬೀಗದ ಕೈ ಯಾರ ಹತ್ತಿರ?

ಇಷ್ಟೆಲ್ಲ ಹೇಳಿದ ಮೇಲೆ ಅಸಲು ಪ್ರಶ್ನೆಗೆ ಬರುತ್ತೇವೆ. ಎಫ್‌ಐ ಗಾಡಿ ಕಷ್ಟದ್ದಲ್ಲ. ಅದರ ದೋಷ ಓದುವ ಸ್ಕ್ಯಾನರ್ ಮತ್ತು ಕಂಪನಿಯ ಮಾಹಿತಿ ಸಿಗುವುದು ಕಷ್ಟ. ಮಳವಳ್ಳಿ ತಾಲ್ಲೂಕಿನ ಒಳಗಿನ ಹಳ್ಳಿಯವನು ಒಂದು ಸೆನ್ಸರ್‌ಗಾಗಿ ಪಟ್ಟಣದ ಶೋರೂಂಗೆ ಹೋಗಿ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಯಿತು. ಇತ್ತ ಊರಿನ ಮೆಕ್ಯಾನಿಕ್‌ಗೆ ಗಿರಾಕಿ ಹೋದ. ಪಂಚರ್, ಬ್ರೇಕ್, ಚೈನ್ ಸೆಟ್ ಕೆಲಸ ಮಾತ್ರ ಅವನಿಗೆ ಉಳಿಯಿತು.

ಕಾರುಗಳಲ್ಲಿ ಈ ಜಗಳ ಮೊದಲೇ ನಡೆದಿದೆ. ಬಿಡಿಭಾಗ ಮತ್ತು ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡುತ್ತಿಲ್ಲ ಅಂತ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಅದನ್ನು ಪ್ರಶ್ನಿಸಿ ಕೋರ್ಟ್ ಮೆಟ್ಟಿಲೇರಿದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಎಂಬ ವಿಷಯಕ್ಕೇ ಜಾಲತಾಣ ತೆರೆಯಿತು. ಮೊಬೈಲ್, ಮನೆ ಸಾಮಾನಿನ ಜೊತೆ ಕೃಷಿ ಉಪಕರಣ ಮತ್ತು ವಾಹನಗಳೂ ಅದರ ಪಟ್ಟಿಯಲ್ಲಿವೆ. ಗಾಡಿ ನಮ್ಮದಾದ ಮೇಲೆ ಅದನ್ನು ಎಲ್ಲಿ ರಿಪೇರಿ ಮಾಡಿಸಬೇಕು ಅನ್ನುವುದೂ ನಮ್ಮ ಆಯ್ಕೆ ಆಗಬೇಕು ಅನ್ನುವುದೇ ಅದರ ತಿರುಳು.

ದಾರಿಗಳು ಇವೆ. ಹಲವು ಕಂಪನಿಯ ಗಾಡಿಗಳನ್ನು ಓದುವ ಸ್ಕ್ಯಾನರ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಒಬ್ಬನಿಗೆ ಭಾರವಾದರೆ ಒಂದು ಹೋಬಳಿಯ ನಾಲ್ಕೈದು ಮೆಕ್ಯಾನಿಕ್‌ಗಳು ಸೇರಿ ಒಂದು ಕೊಳ್ಳಬಹುದು, ಕಬ್ಬು ಕಡಿಯುವ ಕಾಲದಲ್ಲಿ ಟ್ರಾಕ್ಟರ್ ಹಂಚಿಕೊಂಡ ಹಾಗೆ. ಐಟಿಐಗಳು ಈಗಾಗಲೇ ಕೈ ಪಳಗಿದ ಹಿರಿಯ ಮೆಕ್ಯಾನಿಕ್‌ಗಳಿಗೆ ಸಂಜೆ ಹೊತ್ತಿನ ಕನ್ನಡದ ತರಗತಿ ನಡೆಸಬಹುದು. ಅವರಿಗೆ ಇಂಜಿನ್ ಕಲಿಸಬೇಕಿಲ್ಲ, ವೈರ್ ನಕ್ಷೆ ಓದುವುದು ಮತ್ತು ಮಲ್ಟಿಮೀಟರ್ ಹಿಡಿಯುವುದು ಕಲಿಸಿದರೆ ಅರ್ಧ ದಾರಿ ಸವೆಯಿತು. ಇಂಜಿನ್ನಿನ ಸದ್ದು ಕೇಳಿ ದೋಷ ಹೇಳುವ ಕಿವಿಯನ್ನು ಯಾವ ಸ್ಕ್ಯಾನರೂ ಕೊಡುವುದಿಲ್ಲ. ಕೋಡ್ ಬರೀ ‘ಇಲ್ಲಿ ನೋಡು’ ಅನ್ನುತ್ತದೆ. ಸೆನ್ಸರ್ ಕೆಟ್ಟಿದೆಯೋ, ಇಲಿ ಕಡಿದ ವೈರೋ, ಸಡಿಲವಾದ ಜೋಡಣೆಯೋ ಅಂತ ಪತ್ತೆ ಮಾಡುವವನು ಮನುಷ್ಯನೇ.

ಜಾವಾದಿಂದ ಸ್ಪ್ಲೆಂಡರ್‌ಗೆ, ಟೂ ಸ್ಟ್ರೋಕ್‌ನಿಂದ ಫೋರ್ ಸ್ಟ್ರೋಕ್‌ಗೆ ದಾಟಿದವರು ಇದೇ ಮೆಕ್ಯಾನಿಕ್‌ಗಳು. ಆಗ ದಾಟಲು ಸ್ಕ್ರೂಡ್ರೈವರ್ ಸಾಕಿತ್ತು, ಈಗ ಮಾಹಿತಿ ಬೇಕು. ಅದನ್ನು ಕೇಳುವ ಕೆಲಸ ಅವರೊಬ್ಬರದ್ದೇ ಆಗಬಾರದು, ಗಾಡಿ ಇಟ್ಟುಕೊಂಡ ನಮ್ಮೆಲ್ಲರದ್ದೂ ಆಗಬೇಕು. ನಿಮ್ಮ ಊರಿನಲ್ಲಿ ಎಫ್‌ಐ ಕೆಲಸ ಕಲಿತು ಮಾಡುತ್ತಿರುವ ಮೆಕ್ಯಾನಿಕ್ ಇದ್ದರೆ ಮುಂದಿನ ಸಲ ಗಾಡಿಯನ್ನು ಅವರ ಹತ್ತಿರ ಒಮ್ಮೆ ಬಿಟ್ಟು ನೋಡಿ. ಇನ್ನೂ ಕಲಿಯದವರು ಇದ್ದರೆ ಈ ಬರಹವನ್ನು ಅವರ ಫೋನಿಗೂ ಕಳಿಸಿ.